ಕರೆದರೆ ಓಗೊಡುವಷ್ಟು ಹತ್ತಿರ

ಒಂಟಿಯಾಗಿರುವ ಅಜ್ಜಿಯೊಬ್ಬರು ಬೆಳಗಿನಿಂದ ರಾತ್ರಿಯವರೆಗೆ ಯಾರ್ಯಾರ ಜೊತೆ ಮಾತಾಡುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗೋಣ. ಊರು ಬಿಳಿಚೋಡು. ದಾವಣಗೆರೆ ಜಿಲ್ಲೆ, ಜಗಳೂರು ತಾಲ್ಲೂಕಿನ ಹೋಬಳಿ ಊರು. ಮಳೆಯನ್ನು ನಂಬಿದ ಸೀಮೆ. ಮೆಕ್ಕೆಜೋಳ, ಈರುಳ್ಳಿ, ಶೇಂಗಾ ಕೈಹತ್ತದ ವರ್ಷ ಹರೆಯದವರು ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಗಳಿಗೋ ಗುಳೆ ಹೋಗುತ್ತಾರೆ, ಮನೆ ನೋಡಿಕೊಳ್ಳಲು ವಯಸ್ಸಾದವರು ಉಳಿಯುತ್ತಾರೆ. ಹಾಗೆ ಉಳಿದವರ ಹಾಳೆ ಬೆಳಗಿನ ಆರಕ್ಕೇ ತುಂಬತೊಡಗುತ್ತದೆ. ಬಾಗಿಲಿಗೆ ನೀರು ಹಾಕುವಾಗ ಎದುರುಮನೆಯ ಸೊಸೆ "ಎದ್ದ್ಯೇನಜ್ಜೀ" ಎನ್ನುತ್ತಾಳೆ. ನಲ್ಲಿ ನೀರು ಬಿಟ್ಟ ದಿನವಾದರೆ ಕೊಡಗಳ ಸಾಲಿನಲ್ಲಿ ನಾಲ್ಕು ಮಾತು, ಒಂದು ಜಗಳ. ಆಮೇಲೆ ಹಾಲಿನ ಹುಡುಗ. ರೇಷನ್ ಕೊಡುವ ದಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಬೇಕು. ಸವೆದ ಬೆರಳನ್ನು ಮಿಷನ್ ಹಿಡಿಯದಿದ್ದರೆ ಇನ್ನಷ್ಟು ಹೊತ್ತು ಕಾಯಬೇಕು, ಅಷ್ಟು ಹೊತ್ತೂ ಮಾತು. ಸಂಧ್ಯಾ ಸುರಕ್ಷಾ ದುಡ್ಡು ಬಂತೇ ಎಂದು ಅಂಚೆ ಕಚೇರಿಯಲ್ಲಿ ವಿಚಾರಿಸಬೇಕು, ಬಿಪಿ ಮಾತ್ರೆಗೆ ಆಶಾ ಕಾರ್ಯಕರ್ತೆಯನ್ನು ಕೇಳಬೇಕು. ಈರುಳ್ಳಿ ಕಿತ್ತ ಕಾಲದಲ್ಲಿ ಸೊಪ್ಪು ಕೊಯ್ಯುವ ಹೆಂಗಸರ ನಡುವೆ ಹೋಗಿ ಕೂತರೆ ಕೂಲಿ ಅರ್ಧವಾದರೂ ಊರ ಸುದ್ದಿ ಪೂರ್ತಿ ಸಿಗುತ್ತದೆ. ಸಂಜೆ ಪಕ್ಕದ ಮನೆಯಿಂದ ಒಂದು ಬಟ್ಟಲು ಸಾರು ಬರುತ್ತದೆ. ಆ ಬಟ್ಟಲು ಬರಿದಾಗಿ ವಾಪಸು ಹೋಗುವುದಿಲ್ಲ; ಒಂದು ಹಿಡಿ ಶೇಂಗಾವೋ ನಾಲ್ಕು ಹುಣಸೆಹಣ್ಣೋ ಅದರಲ್ಲಿರುತ್ತವೆ. ರಾತ್ರಿ ಮಗನ ಫೋನು, ಎರಡು ನಿಮಿಷ.

ಇದು ಯಾರೋ ಒಬ್ಬರ ಜೀವನಚರಿತ್ರೆಯಲ್ಲ. ಈ ಸೀಮೆಯ ಯಾವ ಓಣಿಯಲ್ಲಿ ಕೂತು ಬರೆದರೂ ಹಾಳೆ ಹೆಚ್ಚುಕಡಿಮೆ ಹೀಗೇ ತುಂಬುತ್ತದೆ.

ಈಗ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು ಎಂದಿಟ್ಟುಕೊಳ್ಳಿ. ಆಪರೇಷನ್ ಆಯಿತು, ಒಬ್ಬರೇ ಇರುವುದು ಇನ್ನು ಆಗದು. ಮಕ್ಕಳು ಕೂತು ಮಾತಾಡಿ, ಪೇಟೆಯಲ್ಲಿ ಒಳ್ಳೆಯ ವೃದ್ಧಾಶ್ರಮವೊಂದನ್ನು ಹುಡುಕಿ ಸೇರಿಸುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಬೇರೆ ದಾರಿ ಕಾಣದೆ. ಅಲ್ಲಿ ಹೊತ್ತಿಗೆ ಸರಿಯಾಗಿ ಊಟ, ಶುಚಿಯಾದ ಮಂಚ, ವಾರಕ್ಕೊಮ್ಮೆ ಡಾಕ್ಟರು, ಸುತ್ತ ನಲವತ್ತು ಜನ. ಲೆಕ್ಕದ ಪ್ರಕಾರ ಒಂಟಿತನ ನೀಗಬೇಕಿತ್ತು. ಹಾಳೆ ಮಾತ್ರ ಸಂಜೆಯಾದರೂ ಖಾಲಿ. ಹೀಗೇಕಾಗುತ್ತದೆ ಎಂಬ ಪ್ರಶ್ನೆಗೆ ಕಳೆದ ಐವತ್ತು ವರ್ಷಗಳ ಸಂಶೋಧನೆ ಸಾಕಷ್ಟು ಉತ್ತರ ಕೂಡಿಸಿದೆ. ಆ ಉತ್ತರ ನಮ್ಮ ಆಶ್ರಮಗಳನ್ನು ಕಟ್ಟುವ, ನಡೆಸುವ, ನಾವು ಅಲ್ಲಿಗೆ ಹೋಗಿಬರುವ ರೀತಿಯನ್ನೇ ಬದಲಿಸುವಂಥದ್ದು.

ಮೊದಲ ದೊಡ್ಡ ಲೆಕ್ಕ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಬಂತು. ಅಲಮೀಡಾ ಕೌಂಟಿಯ 6,928 ವಯಸ್ಕರ ಒಂಬತ್ತು ವರ್ಷಗಳ ದಾಖಲೆಯನ್ನು ಲೀಸಾ ಬರ್ಕ್‌ಮನ್ ಮತ್ತು ಲಿಯೊನಾರ್ಡ್ ಸೈಮ್ 1979ರಲ್ಲಿ ಪ್ರಕಟಿಸಿದರು. ಸಂಗಾತಿ, ಬಂಧುಗಳು, ಗೆಳೆಯರು, ಸಂಘ ಸಂಸ್ಥೆ ಎಲ್ಲವನ್ನೂ ಸೇರಿಸಿ ಎಣಿಸಿದಾಗ, ನಂಟು ತೀರಾ ಕಡಿಮೆಯಿದ್ದ ಗಂಡಸರಲ್ಲಿ ಸಾವಿನ ಪ್ರಮಾಣ ನಂಟು ಹೆಚ್ಚಿದ್ದವರ 2.3 ಪಟ್ಟು, ಹೆಂಗಸರಲ್ಲಿ 2.8 ಪಟ್ಟು ಇತ್ತು. ಸಿಗರೇಟು, ಕುಡಿತ, ಬೊಜ್ಜು ಇವನ್ನೆಲ್ಲ ಬೇರ್ಪಡಿಸಿ ನೋಡಿದರೂ ನಂಟಿನ ಪ್ರಭಾವ ಅಳಿಸಿಹೋಗಲಿಲ್ಲ. 2010ರಲ್ಲಿ ಜೂಲಿಯನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು ಇಂಥ 148 ಅಧ್ಯಯನಗಳನ್ನು, ಅಂದರೆ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು, ಒಟ್ಟುಹಾಕಿದರು. ಒಡನಾಟ ಗಟ್ಟಿಯಾಗಿರುವವರು ಬದುಕುಳಿಯುವ ಸಾಧ್ಯತೆ ಸರಾಸರಿ ಶೇ 50ರಷ್ಟು ಹೆಚ್ಚು ಎಂದು ಹೊರಬಂತು.

ಈ ಶೇ 50 ಜಗತ್ತಿನಾದ್ಯಂತ ಸುದ್ದಿಯಾಯಿತು. ಅದೇ ಲೇಖನದಲ್ಲಿರುವ ಇನ್ನೊಂದು ಲೆಕ್ಕ ಅಷ್ಟಾಗಿ ಯಾರ ಗಮನಕ್ಕೂ ಬೀಳಲಿಲ್ಲ. ನಮ್ಮ ವಿಷಯಕ್ಕೆ ಅದೇ ಮುಖ್ಯ. ಒಬ್ಬರ ಒಡನಾಟವನ್ನು ಅಳೆಯುವುದಕ್ಕೆ ಸಂಶೋಧಕರು ಬೇರೆ ಬೇರೆ ಅಳತೆಗೋಲು ಬಳಸಿದ್ದರು. 'ಒಬ್ಬರೇ ಇದ್ದೀರೋ, ಯಾರ ಜೊತೆಗಾದರೂ ಇದ್ದೀರೋ' ಎಂಬ ಒಂದೇ ಪ್ರಶ್ನೆ ಕೇಳಿದ ಅಧ್ಯಯನಗಳಲ್ಲಿ ಲಾಭ ಎಲ್ಲಕ್ಕಿಂತ ಕಡಿಮೆ: ಬದುಕುಳಿಯುವ ಸಾಧ್ಯತೆಯ ಅನುಪಾತ 1.19. ಯಾರ್ಯಾರ ಜೊತೆ ಎಂಥೆಂಥ ಸಂಬಂಧ, ಯಾವ ಯಾವ ಪಾತ್ರ, ಎಷ್ಟು ಬಗೆಯ ಬಳಕೆ ಎಂದು ಬಿಡಿಸಿ ಕೇಳಿದ ಅಧ್ಯಯನಗಳಲ್ಲಿ ಅದು 1.91. ಒಂದೇ ಸೂರಿನಡಿ ಜನ ಇದ್ದಾರೆ ಎನ್ನುವುದರಿಂದ ಸಿಗುವ ಲಾಭ ಅಲ್ಪ; ಹಲವು ಬಗೆಯ ನಂಟುಗಳಲ್ಲಿ ಹೆಣೆದುಕೊಂಡಿರುವುದರಿಂದ ಸಿಗುವುದು ಬಹಳ. ವೃದ್ಧಾಶ್ರಮ ಮೊದಲನೆಯದನ್ನು ಖಂಡಿತ ಕೊಡುತ್ತದೆ. ಎರಡನೆಯದನ್ನು ಎಷ್ಟೋ ಸಲ ಕಿತ್ತುಕೊಳ್ಳುತ್ತದೆ.

ಇವು ವಿದೇಶದ ಅಂಕಿಗಳು, ನಮ್ಮಲ್ಲಿ ಎಲ್ಲರೂ ಕೂಡಿ ಬಾಳುವವರು ಎಂಬ ಮಾತು ಬರಬಹುದು. ಕೂಡಿ ಬಾಳುವವರನ್ನೇ ಹುಡುಕಿ ನೋಡಿದ ಅಧ್ಯಯನವೊಂದಿದೆ. ಅಮೆರಿಕದ ಸೌತ್ ಡಕೋಟಾದಲ್ಲಿ ಹಟರೈಟ್ ಎಂಬ ಕ್ರೈಸ್ತ ಪಂಗಡದವರು ಆಸ್ತಿ, ಕೆಲಸ, ಊಟ ಎಲ್ಲವನ್ನೂ ಹಂಚಿಕೊಂಡು ಒಂದೇ ಕಡೆ ಬದುಕುತ್ತಾರೆ. ಅಂಥ 95 ಜನರ ಮಣಿಕಟ್ಟಿಗೆ ಚಲನೆ ದಾಖಲಿಸುವ ಉಪಕರಣ ಕಟ್ಟಿ ನಿದ್ದೆಯನ್ನು ಅಳೆದಾಗ, ಒಂಟಿತನ ಹೆಚ್ಚು ಎಂದವರ ನಿದ್ದೆ ಹೆಚ್ಚು ತುಂಡುತುಂಡಾಗಿತ್ತು. 2011ರ ಈ ವರದಿ ಹೇಳುವುದಿಷ್ಟು: ದಿನವಿಡೀ ಜನರ ನಡುವೆ ಇರುವವರನ್ನೂ ಒಂಟಿತನ ರಾತ್ರಿ ಎಬ್ಬಿಸುತ್ತದೆ.

ಷಿಕಾಗೊದ ಜಾನ್ ಕಸಿಯೊಪ್ಪೊ ಬಹುಕಾಲ ಇದನ್ನೇ ಅಧ್ಯಯನ ಮಾಡಿದವರು. ಹಸಿವು ದೇಹಕ್ಕೆ ಅನ್ನ ಬೇಕೆಂದು ಹೇಳುವ ಹಾಗೆ, ಒಂಟಿತನ ಜನ ಬೇಕೆಂದು ಹೇಳುತ್ತದೆ ಎಂಬುದು ಅವರ ವಾದ. ಗುಂಪಿನಿಂದ ದೂರವಾದ ಪ್ರಾಣಿಗೆ ಅಪಾಯ ಹೆಚ್ಚು, ಆದ್ದರಿಂದ ದೇಹ ಎಚ್ಚರದಲ್ಲಿರುತ್ತದೆ: ನಿದ್ದೆ ಹಗುರ, ಒತ್ತಡದ ಹಾರ್ಮೋನುಗಳ ಏರುಪೇರು, ಒಳಗೊಳಗೇ ಉರಿಯೂತ. ನಾಲ್ಕು ದಿನಕ್ಕೆ ಇದು ಒಳ್ಳೆಯದೇ, ನಾಲ್ಕು ವರ್ಷಕ್ಕಲ್ಲ. ಐವತ್ತರಿಂದ ಅರವತ್ತೆಂಟು ವಯಸ್ಸಿನ ಷಿಕಾಗೊ ನಿವಾಸಿಗಳನ್ನು ಕೆಲವು ವರ್ಷ ಗಮನಿಸಿದ ಇದೇ ತಂಡ, ಒಂಟಿತನ ಹೆಚ್ಚಿದ್ದವರ ರಕ್ತದೊತ್ತಡ ಉಳಿದವರದ್ದಕ್ಕಿಂತ ಹೆಚ್ಚು ಏರಿದ್ದನ್ನು 2010ರಲ್ಲಿ ವರದಿ ಮಾಡಿತು. ಕಾಯಿಲೆಯಿಂದ ಒಂಟಿತನವೋ ಒಂಟಿತನದಿಂದ ಕಾಯಿಲೆಯೋ ಎಂಬ ತಕರಾರು ಇದ್ದೇ ಇದೆ. ಎರಡೂ ದಿಕ್ಕಿನಲ್ಲಿ ನಡೆಯುತ್ತದೆ ಎನ್ನುವುದೇ ಸರಿ; ಮಂಡಿನೋವಿನಿಂದ ಮನೆ ಹಿಡಿದವರು ಮಾತು ಕಳೆದುಕೊಳ್ಳುತ್ತಾರೆ, ಮಾತು ಕಳೆದುಕೊಂಡವರು ಓಡಾಟ ಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಕೊಟ್ಟ ವರದಿ, ಒಂಟಿತನಕ್ಕೆ ತಳುಕು ಹಾಕಬಹುದಾದ ಸಾವುಗಳನ್ನು ವರ್ಷಕ್ಕೆ 8,71,000 ಎಂದು ಅಂದಾಜಿಸಿದೆ.

ಬಿಳಿಚೋಡಿನ ಹಾಳೆಗೆ ವಾಪಸಾದರೆ, ಅದರಲ್ಲಿದ್ದವರಲ್ಲಿ ಆಪ್ತರು ಎಷ್ಟು ಜನ? ಮಗ, ಪಕ್ಕದ ಮನೆಯವರು, ಹೆಚ್ಚೆಂದರೆ ಇನ್ನಿಬ್ಬರು. ಉಳಿದವರೆಲ್ಲ ಬರಿಯ ಪರಿಚಯದವರು: ಹಾಲಿನ ಹುಡುಗ, ಅಂಗಡಿಯವನು, ಅಂಚೆಯವರು, ನಲ್ಲಿ ಸಾಲಿನಲ್ಲಿ ಜಗಳವಾಡಿದವಳು. ಇಂಥ ಸಡಿಲ ನಂಟುಗಳ ಬೆಲೆಯನ್ನು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ 1973ರಲ್ಲೇ ಎತ್ತಿ ತೋರಿಸಿದ್ದರು, ಆದರೆ ಅವರು ಮಾತಾಡಿದ್ದು ಉದ್ಯೋಗ ಹುಡುಕುವವರ ಬಗ್ಗೆ. ಮುಪ್ಪಿಗೆ ಅದನ್ನು ತಂದವರು ಟೆಕ್ಸಸ್ ವಿಶ್ವವಿದ್ಯಾಲಯದ ಕ್ಯಾರೆನ್ ಫಿಂಗರ್‌ಮನ್. ಆಸ್ಟಿನ್ ನಗರದ 65 ದಾಟಿದ ಮುನ್ನೂರಕ್ಕೂ ಹೆಚ್ಚು ಜನರನ್ನು ಅವರ ತಂಡ ಕೆಲವು ದಿನ ಗಮನಿಸಿತು. ಮನೆಯವರು, ಆಪ್ತರ ಜೊತೆಗೆ ಇಂಥ ಅಲ್ಲಿಷ್ಟು ಇಲ್ಲಿಷ್ಟು ಪರಿಚಯದವರೊಂದಿಗೂ ಬೆರೆತವರು ದಿನದಲ್ಲಿ ಹೆಚ್ಚು ಓಡಾಡಿದ್ದರು, ಕೂತೇ ಇರುವ ಹೊತ್ತು ಕಡಿಮೆಯಿತ್ತು, ಮನಸ್ಸೂ ಹೆಚ್ಚು ಗೆಲುವಾಗಿತ್ತು.

ನಾವು ಹಿರಿಯರನ್ನು ಆಶ್ರಮಕ್ಕೆ ಸೇರಿಸುವಾಗ ಆಪ್ತರ ಬಗ್ಗೆ ಯೋಚಿಸುತ್ತೇವೆ: ಮಗ ತಿಂಗಳಿಗೊಮ್ಮೆ ಬರಬಹುದೇ, ಮಗಳಿಗೆ ಹತ್ತಿರವೇ. ಹಾಲಿನ ಹುಡುಗನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಮಗ ಎಲ್ಲಿಗೆ ಬೇಕಾದರೂ ಬಸ್ಸು ಹತ್ತಿ ಬರಬಲ್ಲ. ಹಾಲಿನ ಹುಡುಗ ಬರಲಾರ. ಊರು ಬಿಟ್ಟ ದಿನ ಹರಿದುಹೋಗುವುದು ಈ ಸಡಿಲ ಎಳೆಗಳೇ, ಮತ್ತು ಒಟ್ಟಿಗೇ ಎಲ್ಲವೂ.

ಇನ್ನೊಂದು ನಷ್ಟ ಆ ಸಾರಿನ ಬಟ್ಟಲಿನದು. ಆಶ್ರಮದಲ್ಲಿ ಬಟ್ಟಲು ತುಂಬಿ ಬರುತ್ತದೆ, ಆದರೆ ವಾಪಸು ಅದರಲ್ಲಿ ಏನನ್ನೂ ಹಾಕಿ ಕಳಿಸುವಂತಿಲ್ಲ. ಜೀವನವಿಡೀ ಕೊಟ್ಟು ತಗೊಂಡು ಬದುಕಿದವರಿಗೆ ಬರೀ ತಗೊಳ್ಳುವ ಕೈ ಉಳಿಯುತ್ತದೆ. ಇದರ ಪರಿಣಾಮವನ್ನು ಪರೀಕ್ಷಿಸಿದ ಹೆಸರಾಂತ ಪ್ರಯೋಗ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ 1976ರಲ್ಲಿ ಪ್ರಕಟಿಸಿದ್ದು. ಕನೆಕ್ಟಿಕಟ್ ರಾಜ್ಯದ ಒಂದು ಶುಶ್ರೂಷಾಗೃಹದ ಎರಡು ಮಹಡಿಗಳಲ್ಲಿ 91 ಹಿರಿಯರು. ಒಂದು ಮಹಡಿಯವರಿಗೆ, ನಿಮ್ಮ ಕೋಣೆ ಹೇಗಿರಬೇಕು, ಸಿನಿಮಾ ಯಾವ ರಾತ್ರಿ ನೋಡಬೇಕು ಎಂಬುದು ನಿಮ್ಮ ತೀರ್ಮಾನ ಎಂದು ಹೇಳಿ, ಬೇಕಾದ ಕುಂಡದ ಗಿಡ ಆರಿಸಿಕೊಳ್ಳಲು ಬಿಟ್ಟರು. ನೀರು ಹಾಕಿ ಸಾಕುವುದು ಅವರದೇ ಕೆಲಸ. ಇನ್ನೊಂದು ಮಹಡಿಯವರಿಗೂ ಗಿಡ ಸಿಕ್ಕಿತು, ನೀರು ಹಾಕಿದ್ದು ನರ್ಸುಗಳು. ಕೆಲವೇ ವಾರಗಳಲ್ಲಿ ಮೊದಲ ಮಹಡಿಯವರು ಹೆಚ್ಚು ಚುರುಕಾದರು, ಹೆಚ್ಚು ಬೆರೆತರು. ಹದಿನೆಂಟು ತಿಂಗಳ ನಂತರ ಅಲ್ಲಿ ಶೇ 15 ಜನ ತೀರಿಕೊಂಡಿದ್ದರೆ ಇನ್ನೊಂದರಲ್ಲಿ ಶೇ 30. ಜನ ಕಡಿಮೆ, ಸಾವಿನ ಲೆಕ್ಕದ ಬಗ್ಗೆ ಆಮೇಲೆ ತಕರಾರೂ ಬಂತು. ಅದೊಂದನ್ನೇ ಆಧಾರವಾಗಿ ಹಿಡಿಯಬಾರದು. ಗೆಲುವು, ಚಟುವಟಿಕೆಯ ಫಲಿತಾಂಶವನ್ನು ಮಾತ್ರ ಆಶ್ರಮ ನಡೆಸುವವರು ಮನಸ್ಸಿಗೆ ತಂದುಕೊಳ್ಳಲೇಬೇಕು. ಜಗಳೂರು ಸೀಮೆಯ ಅಜ್ಜಿಗೆ ಕುಂಡದ ಗಿಡಕ್ಕಿಂತ ಮೊರದಲ್ಲಿ ಅಕ್ಕಿ ಆರಿಸುವುದು, ಸೊಪ್ಪು ಬಿಡಿಸುವುದು, ರೊಟ್ಟಿ ತಟ್ಟುವುದು ಹತ್ತಿರದ್ದು. ಅವರನ್ನು ಅಡುಗೆಮನೆಯ ಬಾಗಿಲಲ್ಲೇ ತಡೆದು 'ನೀವ್ಯಾಕೆ ಕಷ್ಟಪಡ್ತೀರಿ, ಕೂತ್ಕೊಳ್ಳಿ' ಎನ್ನುವುದು ಉಪಚಾರ ಎಂದು ನಾವು ತಿಳಿದಿದ್ದೇವೆ.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಪ್ರಯೋಗಕ್ಕೆ ಬರೋಣ. ಅದೂ 1976ರಲ್ಲೇ ಪ್ರಕಟವಾದದ್ದು; ರಿಚರ್ಡ್ ಶುಲ್ಜ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ಒಂದು ವೃದ್ಧರ ಮನೆಯಲ್ಲಿ ನಲವತ್ತು ಜನರನ್ನು ನಾಲ್ಕು ಗುಂಪು ಮಾಡಿದ್ದರು. ಕಾಲೇಜು ವಿದ್ಯಾರ್ಥಿಗಳು ಬಂದು ಮಾತಾಡಿಸಿ ಹೋಗುವ ಏರ್ಪಾಡು, ಸುಮಾರು ಎರಡು ತಿಂಗಳು. ಮೊದಲ ಗುಂಪಿನವರು ವಿದ್ಯಾರ್ಥಿ ಯಾವಾಗ ಬರಬೇಕು, ಎಷ್ಟು ಹೊತ್ತು ಇರಬೇಕು ಎಂದು ತಾವೇ ನಿರ್ಧರಿಸಬಹುದಿತ್ತು. ಎರಡನೆಯವರಿಗೆ ಆ ಹಕ್ಕಿಲ್ಲ, ಆದರೆ ಇಂಥ ದಿನ ಬರುತ್ತಾರೆಂದು ಮೊದಲೇ ತಿಳಿಸಲಾಗುತ್ತಿತ್ತು. ಮೂರನೆಯವರ ಬಳಿಗೂ ಅಷ್ಟೇ ಸಲ, ಅಷ್ಟೇ ಹೊತ್ತು ಬಂದರು, ಹೇಳದೆ ಕೇಳದೆ. ನಾಲ್ಕನೆಯವರ ಬಳಿಗೆ ಯಾರೂ ಬರಲಿಲ್ಲ. ಮೊದಲ ಎರಡು ಗುಂಪಿನವರ ಆರೋಗ್ಯ, ಉತ್ಸಾಹ, ಓಡಾಟ ಎಲ್ಲವೂ ಮೇಲಾಯಿತು. ಹೇಳದೆ ಬಂದವರ ಗುಂಪು ಯಾರೂ ಬರದವರ ಗುಂಪಿಗಿಂತ ಹೇಳಿಕೊಳ್ಳುವಷ್ಟು ಮೇಲಾಗಲಿಲ್ಲ. ಅಂದರೆ ಗುಣ ಬರೀ ಭೇಟಿಯಲ್ಲಿರಲಿಲ್ಲ. ಗುರುವಾರ ಬರುತ್ತಾನೆ ಎಂದು ಗೊತ್ತಿರುವವರಿಗೆ ಮಂಗಳವಾರ, ಬುಧವಾರಗಳೂ ಕಾಯುವ ದಿನಗಳಾಗಿ ಅರ್ಥ ಪಡೆಯುತ್ತವೆ.

ಪ್ರಯೋಗ ಮುಗಿಯಿತು, ವಿದ್ಯಾರ್ಥಿಗಳು ಬರುವುದು ನಿಂತಿತು. ಶುಲ್ಜ್ ಮತ್ತು ಬಾರ್ಬರಾ ಹನುಸಾ ಎರಡು ವರ್ಷದ ನಂತರ, ಮೂರೂವರೆ ವರ್ಷದವರೆಗೆ ಮತ್ತೆ ಮತ್ತೆ ವಿಚಾರಿಸಿದರು. ಚೇತರಿಸಿಕೊಂಡಿದ್ದ ಎರಡು ಗುಂಪುಗಳೇ ಆರೋಗ್ಯದಲ್ಲೂ ಉತ್ಸಾಹದಲ್ಲೂ ತೀವ್ರವಾಗಿ ಕುಸಿದಿದ್ದವು. ಉಳಿದೆರಡು ಗುಂಪು ಇದ್ದ ಹಾಗೇ ಇದ್ದವು. 1978ರ ಈ ವರದಿಯನ್ನು ಓದಿದಾಗ ನನಗೆ ಸಂಕಟವಾಯಿತು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಒಡನಾಟವನ್ನು ಹಿಂತೆಗೆದುಕೊಂಡರೆ, ಕೊಡದೇ ಇದ್ದದ್ದಕ್ಕಿಂತ ಹೆಚ್ಚಿನ ಹಾನಿಯಾಗಬಹುದು.

ನಮ್ಮ ಊರುಗಳಲ್ಲಿ ಹುಟ್ಟುಹಬ್ಬ, ಹಿರಿಯರ ಪುಣ್ಯತಿಥಿ, ಮದುವೆಯ ವಾರ್ಷಿಕೋತ್ಸವದಂದು ವೃದ್ಧಾಶ್ರಮಕ್ಕೆ ಹೋಗಿ ಊಟ ಹಾಕಿಸುವ ರೂಢಿ ಈಗ ಚೆನ್ನಾಗಿ ಬೇರೂರಿದೆ. ಒಳ್ಳೆಯ ರೂಢಿ, ಎಷ್ಟೋ ಆಶ್ರಮಗಳ ಒಲೆ ಉರಿಯುತ್ತಿರುವುದು ಅದರಿಂದಲೇ. ಆದರೆ ಇಂದು ಬಂದ ಕುಟುಂಬ ಮುಂದಿನ ವರ್ಷದವರೆಗೆ ಬರುವುದಿಲ್ಲ, ನಾಳೆ ಇನ್ನೊಂದು ಕುಟುಂಬ. ಹಿರಿಯರ ಕಣ್ಣಿಗೆ ಅದು ಶುಲ್ಜ್‌ನ ಮೂರನೆಯ ಗುಂಪಿನ ಭೇಟಿ: ಯಾರೋ ಬಂದರು, ಪಾಯಸ ಬಡಿಸಿದರು, ಕಾಲಿಗೆ ನಮಸ್ಕಾರ ಮಾಡಿದರು, ಹೋದರು. ಅದೇ ಕುಟುಂಬ ಊಟದ ಖರ್ಚನ್ನು ಹಾಗೇ ಕೊಟ್ಟು, ಒಬ್ಬರೇ ಒಬ್ಬ ಹಿರಿಯರನ್ನು ತಿಂಗಳ ಎರಡನೇ ಭಾನುವಾರ ಹನ್ನೊಂದಕ್ಕೆ ತಪ್ಪದೆ ಕಾಣುತ್ತೇವೆ ಎಂದು ಗೊತ್ತುಮಾಡಿಕೊಂಡರೆ ಎರಡನೆಯ ಗುಂಪಾಗುತ್ತದೆ. ದಿನವನ್ನು ಅವರೇ ಗೊತ್ತುಮಾಡಿದರೆ ಮೊದಲನೆಯದು. ಶುರುಮಾಡಿದವರು ನಿಲ್ಲಿಸಬಾರದು. ನಿಲ್ಲಿಸಲೇಬೇಕಾಗಿ ಬಂದರೆ ಮೊದಲೇ ಹೇಳಿ, ಇನ್ನೊಬ್ಬರನ್ನು ಪರಿಚಯಿಸಿ ಹೋಗಬೇಕು.

ಆಶ್ರಮದೊಳಗಿನವರು ತಮ್ಮತಮ್ಮಲ್ಲೇ ಯಾಕೆ ಬೆರೆಯುವುದಿಲ್ಲ ಎಂಬುದಕ್ಕೆ ಕಾರಣ ಹಲವು. ಫ್ಯಾನು, ಟಿವಿ ಚಾನೆಲ್ಲು, ಕಿಟಕಿ ಪಕ್ಕದ ಮಂಚ, ಜಾತಿ, ನಿನ್ನೆ ಪಕ್ಕದಲ್ಲಿದ್ದವರು ಇವತ್ತು ತೀರಿಕೊಂಡ ಮೇಲೆ ಹೊಸ ಗೆಳೆತನಕ್ಕೆ ಅಂಜಿಕೆ. ಇವುಗಳ ನಡುವೆ ಸುಲಭವಾಗಿ ನೀಗಬಹುದಾದ ಒಂದು ಕಾರಣ ಕಿವಿ. ಕೇಳದವರು ಮೊದಮೊದಲು ತಲೆಯಾಡಿಸುತ್ತಾರೆ, ಆಮೇಲೆ ಗುಂಪಿನಿಂದ ಎದ್ದು ಹೋಗುತ್ತಾರೆ, ನೋಡಿದವರು ಸಿಡುಕು ಸ್ವಭಾವ ಎನ್ನುತ್ತಾರೆ. ಮರೆವಿನ ಕಾಯಿಲೆಗಳ ಕುರಿತ ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಬದಲಿಸಬಹುದಾದ ಹದಿನಾಲ್ಕು ಅಪಾಯಕಾರಿ ಅಂಶಗಳಲ್ಲಿ ಕಿವುಡು, ದೃಷ್ಟಿದೋಷ, ಒಡನಾಟವಿಲ್ಲದಿರುವುದು ಮೂರೂ ಇವೆ. ನಮ್ಮಲ್ಲೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ನಲವತ್ತೈದು ದಾಟಿದ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸುತ್ತಿದೆ. ಹಳ್ಳಿಯ ಮುಪ್ಪು ಮಿದುಳಿಗೆ ಏನು ಮಾಡುತ್ತದೆ ಎಂಬುದಕ್ಕೆ ನಮ್ಮದೇ ನೆಲದ ಉತ್ತರ ಅಲ್ಲಿಂದ ಬರಬೇಕಿದೆ. ಅಲ್ಲಿಯವರೆಗೆ ಕಾಯದೆ, ಆಶ್ರಮಕ್ಕೆ ಸೇರಿದ ವಾರವೇ ಕಿವಿಯ ಗುಗ್ಗೆ ತೆಗೆಸಿ, ಕಿವಿ ಕಣ್ಣು ಪರೀಕ್ಷೆ ಮಾಡಿಸಬಹುದು.

ದೊಡ್ಡ ಆಶ್ರಮಗಳ ಬಗ್ಗೆ ಅನುಮಾನ ಹೊಸದಲ್ಲ. ಬ್ರಿಟನ್ನಿನ ಪೀಟರ್ ಟೌನ್ಸೆಂಡ್ 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡ್, ವೇಲ್ಸ್‌ಗಳ 173 ವೃದ್ಧರ ಮನೆಗಳಿಗೆ ಹೋಗಿ, 1962ರಲ್ಲಿ ಪುಸ್ತಕ ಬರೆದರು. ಊಟ ಬಟ್ಟೆಗೆ ಕೊರತೆಯಿಲ್ಲದ ಕಡೆಯೂ ನಿವಾಸಿಗಳು ಒಬ್ಬರಿಗೊಬ್ಬರು ಅಪರಿಚಿತರಾಗಿ, ಮಾಡಲು ಕೆಲಸವಿಲ್ಲದೆ ಕೂತಿರುವುದನ್ನು ಅವರು ಕಂಡರು. ದೊಡ್ಡ ಮನೆಗಳನ್ನು ಮುಚ್ಚಿ, ಆಸರೆಯುಳ್ಳ ಸಣ್ಣ ಸಣ್ಣ ಮನೆಗಳನ್ನು ಕಟ್ಟಿ ಎಂದು ವಾದಿಸಿದರು. ಆ ಬಗೆಯ ವಸತಿ ಅಲ್ಲಿ ಬೆಳೆಯಿತು: ಪ್ರತಿಯೊಬ್ಬರಿಗೂ ತಮ್ಮದೇ ಬಾಗಿಲು, ತಮ್ಮದೇ ಬೀಗದ ಕೈ, ಒಂದು ಒಲೆ, ಹತ್ತಿರದಲ್ಲೇ ಒಬ್ಬ ಮೇಲ್ವಿಚಾರಕರು, ಬಿದ್ದರೆ ಎಳೆಯಲು ಗಂಟೆಯ ಹಗ್ಗ, ಎಲ್ಲರೂ ಕೂಡಲು ಒಂದು ಪಡಸಾಲೆ. ನೆದರ್‌ಲ್ಯಾಂಡ್ಸ್‌ನ ಡೆವೆಂಟರ್ ಪಟ್ಟಣದ ಹಿರಿಯರ ಮನೆಯೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದೆ ಕೋಣೆ ಕೊಡುತ್ತಾರೆ. ತಿಂಗಳಿಗೆ ಮೂವತ್ತು ಗಂಟೆ ಒಳ್ಳೆಯ ನೆರೆಯವರಾಗಿರಬೇಕೆಂಬುದೇ ಕರಾರು.

ನಮ್ಮ ಕಾನೂನು ಏನು ಹೇಳುತ್ತದೆ? ಪಾಲಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆ, 2007ರ 19ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ಸುಲಭವಾಗಿ ತಲುಪಬಹುದಾದ ಸ್ಥಳಗಳಲ್ಲಿ ವೃದ್ಧಾಶ್ರಮ ಸ್ಥಾಪಿಸಬಹುದು. ಜಿಲ್ಲೆಗೆ ಕನಿಷ್ಠ ಒಂದರಿಂದ ಶುರುಮಾಡಿ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗ. ಜಿಲ್ಲೆಗೊಂದು ಎಂದರೆ ಅದು ದಾವಣಗೆರೆ ನಗರದಲ್ಲಿ ಬರುತ್ತದೆ. ಬಿಳಿಚೋಡಿನ ಹಿರಿಯರಿಗೆ ಅದು ಊರು ಬಿಟ್ಟ ಹಾಗೆಯೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯವರಿಗೂ ಅಷ್ಟೇ. ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ, ಜಿಲ್ಲೆಗೆ 150 ಜನರ ಒಂದು ಆಶ್ರಮಕ್ಕಿಂತ ಹೋಬಳಿಗೊಂದು ಸಣ್ಣ ಮನೆ ಮೇಲು ಎಂದು ನನಗೆ ಖಚಿತವಾಗಿ ಅನಿಸುತ್ತದೆ. ಇದು ಕೈಗೆಟುಕದ ಆಸೆಯಲ್ಲ. 1992ರಿಂದ ಇರುವ ಕೇಂದ್ರ ಸರ್ಕಾರದ ಹಿರಿಯರ ಕಾರ್ಯಕ್ರಮವೇ 25 ಜನರ ಆಶ್ರಮಗಳಿಗೆ ಸ್ವಯಂಸೇವಾ ಸಂಸ್ಥೆಗಳ ಮೂಲಕ ಅನುದಾನ ಕೊಡುತ್ತಾ ಬಂದಿದೆ. ಬಿಳಿಚೋಡಿನಲ್ಲೇ ಅಂಥದೊಂದಿದ್ದರೆ ಅಜ್ಜಿಯ ಹಾಲಿನ ಹುಡುಗ ಬದಲಾಗುವುದಿಲ್ಲ, ಅಂಚೆಯವರು ಬದಲಾಗುವುದಿಲ್ಲ, ಎದುರುಮನೆಯ ಸೊಸೆ ಸಂತೆಗೆ ಹೋಗುವಾಗ ಇಣುಕಿ ಹೋಗುತ್ತಾಳೆ.

ರಾತ್ರಿ ಮಲಗಲು ಮನೆಯಿದ್ದು, ಹಗಲು ಕಳೆಯುವುದೇ ಕಷ್ಟವಾಗಿರುವವರು ಇನ್ನೂ ಹೆಚ್ಚು. 2017-18ರಲ್ಲಿ ನಡೆದ, ಎಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ಭಾರತದ ದೀರ್ಘಾವಧಿ ಮುಪ್ಪಿನ ಅಧ್ಯಯನದ ಮೊದಲ ಸುತ್ತಿನ ಪ್ರಕಾರ, ಅರವತ್ತು ದಾಟಿದವರಲ್ಲಿ ಒಬ್ಬಂಟಿಯಾಗಿ ವಾಸಿಸುವವರು ಸುಮಾರು ಶೇ 6. ಇವರಿಗೆ ಬೇಕಾದದ್ದು ಆಶ್ರಮವಲ್ಲ, ಹಗಲುಮನೆ. ಕೇರಳದ ಪಂಚಾಯಿತಿಗಳು 'ಪಗಲ್ ವೀಡು' ಹೆಸರಿನಲ್ಲಿ ಅವನ್ನು ನಡೆಸುತ್ತಿವೆ. ನಮ್ಮ ಗ್ರಾಮ ಪಂಚಾಯಿತಿಗಳು ಮಕ್ಕಳಿಗೆ ಕೂಸಿನ ಮನೆ ತೆರೆದಿವೆ, ಓದುವವರಿಗೆ ಅರಿವು ಕೇಂದ್ರ ಮಾಡಿವೆ. ಅವುಗಳ ಪಕ್ಕದಲ್ಲೇ ನೆರಳು, ಕುಡಿಯುವ ನೀರು, ಮೆಟ್ಟಿಲಿಲ್ಲದ ಶೌಚಾಲಯ, ಮಧ್ಯಾಹ್ನದ ಒಂದು ಮುದ್ದೆ ಇರುವ ಜಾಗವೊಂದು ಹಿರಿಯರಿಗೆ ಸಿಕ್ಕರೆ, ಕೂಸುಗಳನ್ನು ಆಡಿಸುವ ಕೆಲಸವೂ ಅವರಿಗೆ ತಾನಾಗಿ ಒದಗುತ್ತದೆ.

ಇದೆಲ್ಲ ಆಗುವವರೆಗೆ ಆಶ್ರಮಕ್ಕೆ ಸೇರಿಸಲೇಬೇಕಾದ ಮನೆಯವರಿದ್ದಾರೆ. ಅವರು ಹಾಸಿಗೆ, ಊಟ, ಡಾಕ್ಟರ ಬಗ್ಗೆ ಹೇಗೂ ವಿಚಾರಿಸುತ್ತಾರೆ. ಇನ್ನೂ ಕೆಲವನ್ನು ಕೇಳಬೇಕು. ಗೇಟಿನ ಹೊರಗೆ ಹೋಗಿ ಬರಲು ಬಿಡುತ್ತಾರೆಯೇ? ಅಡುಗೆಮನೆಯಲ್ಲಿ ಕೈಜೋಡಿಸಬಹುದೇ? ನಮ್ಮ ಕಡೆಯ ಮಾತಾಡುವವರು, ನಮ್ಮ ಊಟ ಉಣ್ಣುವವರು ಯಾರಾದರೂ ಇದ್ದಾರೆಯೇ? ಮೊಮ್ಮಗಳು ಬಂದರೆ ಒಂದು ರಾತ್ರಿ ಉಳಿಯಬಹುದೇ? ಹಿರಿಯರ ಫೋನು ಯಾರ ಕೈಯಲ್ಲಿರುತ್ತದೆ, ಅವರ ಕೈಯಲ್ಲೋ ಆಫೀಸಿನಲ್ಲೋ? ಹಿಂಸೆ, ಕಡೆಗಣನೆ ಕಂಡರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು ಎಂಬುದನ್ನು ಆ ಫೋನಿನಲ್ಲಿ ದೊಡ್ಡಕ್ಷರದಲ್ಲಿ ಉಳಿಸಿಕೊಡಬೇಕು. ಊರಿನ ವೋಟರ್ ಪಟ್ಟಿಯಿಂದ ಅವರ ಹೆಸರನ್ನು ಆತುರಪಟ್ಟು ತೆಗೆಸಬಾರದು. ಮತ ಹಾಕಲು, ಜಾತ್ರೆಗೆ, ಹಬ್ಬಕ್ಕೆ, ಯಾರದೋ ಮನೆಯ ತಿಥಿಗೆ ಅವರು ಊರಿಗೆ ಹೋಗಿಬರುವ ದಿನಗಳನ್ನು ಸೇರಿಸುವ ದಿನವೇ ಆಶ್ರಮದವರ ಜೊತೆ ಮಾತಾಡಿ ಬರೆಸಬೇಕು, ಮತ್ತು ಆ ದಿನಗಳ ಗಾಡಿಯ ಖರ್ಚನ್ನು ತಿಂಗಳ ಶುಲ್ಕದ ಜೊತೆಗೇ ಎತ್ತಿಡಬೇಕು.